ಮಂಗಳವಾರದ ಹೇಳಿಕೆ

ಮನುಷ್ಯನ ಸ್ವಭಾವ, ಮನಸ್ಸು, ದೇವರ ಮೇಲಿನ ನಂಬಿಕೆ, ಇವುಗಳ ಬಗ್ಗೆ ಕಥೆ ಕಾದಂಬರಿ ಬಿಟ್ಟು ಬೇರೆ ಏನು ಓದಬೇಕು ಎಂದು ನನ್ನನ್ನು ಕೇಳುವವರು ಆಗಾಗ ಸಿಗುತ್ತಾರೆ. ತಳಕಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು ನಾನು. ಮನೆ ಚಳ್ಳಕೆರೆಯಲ್ಲಿ. ಅಲ್ಲಿ ನಮ್ಮದೊಂದು ಓದುಕೂಟ ಇದೆ, ಅದರಲ್ಲಿ ಇಂಥ ಪುಸ್ತಕಗಳೇ ಹೆಚ್ಚು ಕೈ ಬದಲಾಯಿಸುತ್ತವೆ ಎಂಬುದು ಪರಿಚಯದವರಿಗೆಲ್ಲ ಗೊತ್ತು. ಕೇಳಿದವರಿಗೆ ನಾನು ಮೂರು ಪುಸ್ತಕ ಹೇಳುತ್ತೇನೆ. ಗುಂಪು ಸೇರಿದಾಗ ಮನುಷ್ಯ ಯಾಕೆ ಬೇರೆಯೇ ಪ್ರಾಣಿಯಾಗುತ್ತಾನೆ ಎಂದು ಹೇಳುವುದು ಒಂದು. ಫಲಿಸಿದ ಹರಕೆ ನೆನಪಿನಲ್ಲಿ ಉಳಿದು ಫಲಿಸದ ಹರಕೆ ಎಲ್ಲಿ ಹೋಗುತ್ತದೆ ಎಂದು ಹುಡುಕುವುದು ಇನ್ನೊಂದು. ಕೊನೆಗೆ, ಮನಸ್ಸು ದೇವರನ್ನು ಹೇಗೆ ಕಟ್ಟಿಕೊಂಡಿತು ಎಂದು ವಿಚಾರಿಸುವ ಒಂದು ದಪ್ಪ ಪುಸ್ತಕ. ಅದರ ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ನನ್ನ ಬಾಯಿ ಬೇವು ಅಗಿದ ಹಾಗಿರುತ್ತದೆ. ಪುಸ್ತಕ ಒಳ್ಳೆಯದೇ. ಅಂಥದ್ದನ್ನು ಬರೆಯಲು ತಲೆಯೂ ಬೇಕು, ಎದೆಯೂ ಬೇಕು. ಆದರೆ ಅದು ನಮ್ಮ ತಾಯಿಯ ತವರಿನೊಳಗೆ ಕಾಲಿಟ್ಟ ಬಗೆ ಬೇರೆ.

ಆ ತವರು ಮೊಳಕಾಲ್ಮೂರು ದಾಟಿ ಸಿದ್ದಾಪುರದ ಕಡೆ ಹೋಗುವಾಗ ಗುಂಡುಕಲ್ಲುಗಳ ನಡುವೆ ಸಿಗುವ ಒಂದು ಸಣ್ಣ ಊರು. ಅಲ್ಲಿ ನೆಲಕ್ಕಿಂತ ಕಲ್ಲು ಜಾಸ್ತಿ. ಒಂದು ಕಲ್ಲಿನ ಮೇಲೆ ಯಾವುದೋ ಕಾಲದ ರಾಜ ಅಕ್ಷರ ಕೆತ್ತಿಸಿ ಹೋಗಿದ್ದಾನೆ, ಉಳಿದ ಕಲ್ಲುಗಳ ಮೇಲೆ ಆಡು ಹತ್ತುತ್ತವೆ. ಸಂತೆಗೆ ಬಂದವರು ಮಾತು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ, ಯಾರಿಗೂ ಅದು ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಹೆತ್ತವಳು ಅವ್ವ. ಅಮ್ಮ ಎಂದರೆ ದೇವಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಗೊಂದಲವಾಗುತ್ತದೆ.

ನಮ್ಮ ಅವ್ವನ ಅಕ್ಕ, ನನ್ನ ದೊಡ್ಡವ್ವ, ಆ ಮನೆಯಲ್ಲಿ ಇರುವುದು ತನ್ನ ತಮ್ಮನ ಆಶ್ರಯದಲ್ಲಿ. ಅವಳನ್ನು ಹಾನಗಲ್ಲಿನ ಹತ್ತಿರದ ಒಂದು ಮನೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡನ ಮನೆಯವರು ಜಗಳ ಆಡಲಿಲ್ಲ, ಹೊಡೆಯಲಿಲ್ಲ, ಬೈಯಲೂ ಇಲ್ಲ. ಹಬ್ಬಕ್ಕೆಂದು ತವರಿಗೆ ಬಿಟ್ಟು ಹೋದವರು ಮತ್ತೆ ಕರೆಯಲು ಬರಲಿಲ್ಲ, ಅಷ್ಟೆ. ಆ ಯುಗಾದಿ ಇನ್ನೂ ಮುಗಿದಿಲ್ಲ ಎಂದು ದೊಡ್ಡವ್ವ ತಾನೇ ನಗುತ್ತಿದ್ದಳು. ಅಲ್ಲಿ ಇನ್ನೊಬ್ಬಳು ಬಂದಳು, ಮಕ್ಕಳಾದವು, ಆ ಮಕ್ಕಳಿಗೂ ಈಗ ಮಕ್ಕಳಾಗಿವೆ. ಇವಳು ತಮ್ಮನ ಮನೆಯಲ್ಲಿ ಬೀಸುವ ಕಲ್ಲಿನ ಪಕ್ಕ ಚಾಪೆ ಹಾಸಿಕೊಂಡು ಉಳಿದಳು. ಹಾಗೆ ಕೆಲವು ವರ್ಷ ಕಳೆದ ಮೇಲೆ ಒಂದು ಮಂಗಳವಾರ ಅವಳ ಮೈಮೇಲೆ ಅಮ್ಮ ಬಂದಳು.

"ನಿನ್ನ ಮೈಮೇಲೆ ಯಾಕೆ ಬರಲಿಲ್ಲ?" ಎಂದು ಚಿಕ್ಕಂದಿನಲ್ಲಿ ನಾನು ನಮ್ಮಜ್ಜಿಯನ್ನು ಕೇಳಿದ್ದೆ.

"ಅಯ್ಯೋ ಹುಚ್ಚಿ, ಅಮ್ಮಗೂ ಇಳಿಯಾಕೆ ಖಾಲಿ ಮನೆ ಬೇಕಲ್ಲೇನೇ?" ಎಂದಿದ್ದಳು ಅಜ್ಜಿ. "ಹೆತ್ತೋರ ಮೈಯಾಗೆ ಜಾಗ ಎಲ್ಲಿರ್ತೈತೆ? ಒಂದು ಅಳ್ತೈತೆ, ಒಂದು ಉಚ್ಚೆ ಹುಯ್ಕಂತೈತೆ."

ಅಜ್ಜಿ ಅಕ್ಷರ ಕಲಿತವಳಲ್ಲ. ಮನಸ್ಸಿನ ಶಾಸ್ತ್ರ ಓದಿದವರು ಇದನ್ನೇ ದೊಡ್ಡ ಮಾತುಗಳಲ್ಲಿ ಬರೆದದ್ದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿದೆ. ಅಜ್ಜಿಯ ಮಾತಿನ ರುಚಿ ಅದಕ್ಕೆ ಇರಲಿಲ್ಲ.

ಅಮ್ಮ ಬಂದು ಆಡುವ ಮಾತಿಗೆ ಹೇಳಿಕೆ ಎನ್ನುತ್ತಾರೆ. ಜನ ತಮ್ಮ ಕಷ್ಟ ಮುಂದಿಡುವುದು ಕೇಳಿಕೆ. ಅದಕ್ಕೊಂದು ಕ್ರಮ ಇತ್ತು. ಕೇಳುವವನು ಒಂದು ನಿಂಬೆಹಣ್ಣು ಮುಂದಿಡಬೇಕು. ಉತ್ತರ ಗೊತ್ತಿರುವುದನ್ನು ಕೇಳಬಾರದು. ಅಮ್ಮನನ್ನು ಪರೀಕ್ಷೆ ಮಾಡುವುದೆಂದರೆ ಹಸಿದವರ ಮುಂದೆ ಖಾಲಿ ತಟ್ಟೆ ಇಟ್ಟಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ಹೇಳಿಕೆ ಮುಗಿದ ಮೇಲೆ ಕೇಳಿದವನೇ "ಕೇಳಿದೆವಮ್ಮಾ" ಎನ್ನಬೇಕು. ಅಂದರೆ ಮಾತು ಕಿವಿಗೆ ಬಿತ್ತು, ಹಾಗೇ ನಡೆಯುತ್ತೇವೆ ಎಂದು. ಅದನ್ನು ಹೇಳುವವರೆಗೂ ಅಮ್ಮ ಮೈಯಿಂದ ಇಳಿಯುವುದಿಲ್ಲ. ಕೇಳು ಎನ್ನುವ ಒಂದೇ ಮಾತಿಗೆ ನಮ್ಮಲ್ಲಿ ಪ್ರಶ್ನೆ ಹಾಕುವುದು, ಕಿವಿಗೊಡುವುದು, ಹೇಳಿದಂತೆ ನಡೆಯುವುದು, ಎಲ್ಲ ಅರ್ಥವೂ ಇದೆಯಲ್ಲ. ದೊಡ್ಡವ್ವನ ಮಂಗಳವಾರದಲ್ಲಿ ಅವೆಲ್ಲ ಒಂದೇ ಕಡೆ ಸೇರುತ್ತಿದ್ದವು. ಆ ದಿನ ಅವಳ ಚಾಪೆ ಬೀಸುವ ಕಲ್ಲಿನಿಂದ ನಡುಮನೆಗೆ ಬರುತ್ತಿತ್ತು.

ಇನ್ನು ಆ ಮನೆಯ ಸೊಸೆ. ನಮ್ಮ ಮಾವ, ಅಂದರೆ ದೊಡ್ಡವ್ವನ ತಮ್ಮ, ತನ್ನ ಮಗನಿಗೆ ರಾಯದುರ್ಗದ ಕಡೆಯ ತೆಲುಗಿನ ಹುಡುಗಿಯನ್ನು ತಂದಿದ್ದ. ಮುಖದ ತುಂಬ ನಗು, ಕೈ ತುಂಬ ಕೆಲಸ. ಮೊದಲ ವರ್ಷ ಅವಳ ಕನ್ನಡ ಕೇಳಿ ಮನೆಯೆಲ್ಲ ನಕ್ಕಿತು, ಎರಡನೆಯ ವರ್ಷ ಅವಳೇ ನಮ್ಮನ್ನು ನಗಿಸಿದಳು. ಆಮೇಲೆ ನಗು ಕಡಿಮೆಯಾಗುತ್ತ ಬಂತು, ಯಾಕೆಂದರೆ ತೊಟ್ಟಿಲು ಕಟ್ಟಲಿಲ್ಲ. ಆಸ್ಪತ್ರೆ ಸುತ್ತಿದರು. ಅವಳೊಬ್ಬಳನ್ನೇ ಸುತ್ತಿಸಿದರು, ಅವನು ಹೋಗಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದೆ. ಮಾವ ಊಟಕ್ಕೆ ಕೂತು, ಮುದ್ದೆ ಮುರಿಯುತ್ತ, "ಬರೋ ವರ್ಷ ಇವಳನ್ನ ಊರಿಗೆ ಕಳಿಸಿ ಬ್ಯಾರೆ ಕಡೆ ನೋಡಾನ" ಎಂದ. ಸೊಸೆ ಒಲೆಯ ಮುಂದೆಯೇ ಇದ್ದಳು. ಅವಳ ಬೆನ್ನು ಅಲುಗಲಿಲ್ಲ.

ದೊಡ್ಡವ್ವ ಸಾರು ಬಡಿಸುತ್ತಿದ್ದವಳು, "ಬ್ಯಾಡ ಕಣೋ ತಮ್ಮಾ, ಆ ಹುಡುಗೀನ ಕಳಿಸಬ್ಯಾಡ" ಎಂದಳು.

"ನೀನು ಸುಮ್ಕಿರು. ನಿನ್ನ ಯಾರು ಕೇಳಿದ್ರು?"

ಅದು ಶನಿವಾರವೋ ಭಾನುವಾರವೋ ಇರಬೇಕು. ಮಂಗಳವಾರ ಬೆಳಗ್ಗೆ ಅದೇ ಮಾವ ತಲೆಗೆ ಸ್ನಾನ ಮಾಡಿ, ನಿಂಬೆಹಣ್ಣು ಇಟ್ಟು, ಮಗನಿಗೆ ಸಂತಾನ ಯಾವಾಗ ಎಂದು ಕೇಳಿಕೆ ಇಟ್ಟ. ದೊಡ್ಡವ್ವನ ಕೂದಲು ಬಿಚ್ಚಿತ್ತು, ಕಣ್ಣು ಎಲ್ಲೋ ಇತ್ತು, ಬೇವಿನ ಸೊಪ್ಪು ಹಿಡಿದ ಕೈ ನಡುಗುತ್ತಿತ್ತು. ಅಮ್ಮನ ಮಾತು ಯಾವಾಗಲೂ ತೆಲುಗಿನಲ್ಲೇ. "ಈ ಪಿಲ್ಲ ನಾ ಬಿಡ್ಡ" ಎಂದಳು, ಈ ಹುಡುಗಿ ನನ್ನ ಮಗಳು. ಇವಳಿರುವಾಗ ಇನ್ನೊಂದು ಹೆಣ್ಣು ಈ ಹೊಸಿಲು ದಾಟಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ ಎಂದಳು. ಮಾವ ಉದ್ದಕ್ಕೆ ಬಿದ್ದ. "ಕೇಳಿದೆವಮ್ಮಾ, ಕೇಳಿದೆವಮ್ಮಾ" ಎಂದು ಹಣೆ ಚಚ್ಚಿಕೊಂಡ. ಒಲೆಯ ಮುಂದೆ ಆಡಿದ್ದೂ ಅದೇ ಮಾತು, ಆಡಿದ್ದೂ ಅದೇ ಬಾಯಿ.

ಅಮ್ಮ ಇಳಿದ ಮೇಲೆ ದೊಡ್ಡವ್ವ ಒಂದು ಚೊಂಬು ಮಜ್ಜಿಗೆ ಕುಡಿದು, ನನ್ನನ್ನು ಕರೆದು, ಮೆಲ್ಲಗೆ ಕೇಳಿದಳು. "ಅಮ್ಮ ಏನಂದ್ಲೇ ಇವತ್ತು?"

ಹೇಳಿದೆ.

"ಹೌದಾ? ಒಳ್ಳೇದೇ ಅಂದವಳೆ ಬಿಡು" ಎಂದು ಬಾಯಿ ಒರೆಸಿಕೊಂಡಳು.

ಆ ದಿನದಿಂದ ಆ ಸೊಸೆ ಆ ಮನೆಯಲ್ಲಿ ಇದ್ದದ್ದು ದೊಡ್ಡವ್ವನ ಮಂಗಳವಾರಗಳ ಮೇಲೆ. ಬೇರೆ ಯಾವ ಆಧಾರವೂ ಅವಳಿಗೆ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ನನಗೆ ಮಾತ್ರ ಒಂದು ಕೊರೆತ ಉಳಿಯಿತು. ದೊಡ್ಡವ್ವ ನಾಟಕ ಆಡುತ್ತಾಳೆಯೇ? ನಾನು ಅಮ್ಮನನ್ನು ನಂಬುವವಳಲ್ಲ. ದೊಡ್ಡವ್ವನನ್ನು ನಂಬದೆ ಇರುವುದೂ ಆಗುತ್ತಿರಲಿಲ್ಲ. ಈ ಗೊಂದಲದಲ್ಲೇ ನಾನು ಓದುಕೂಟಕ್ಕೆ ಸೇರಿದ್ದು.

ಕೂಟ ಸೇರುವುದು ಭಾನುವಾರ, ಶೇಂಗಾ ಎಣ್ಣೆ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗಿನ ಹಿಂಡಿಯ ವಾಸನೆ ಪುಸ್ತಕದ ಹಾಳೆಗಳಿಗೂ ಹತ್ತಿರುತ್ತದೆ. ನಡೆಸುವವರು ನಿವೃತ್ತ ಮೇಷ್ಟ್ರು, ವ್ಯಾಪಾರಸ್ಥ ಮನೆತನದ ಶಿವಭಕ್ತರ ಮಗ, ತಾವು ಮಾತ್ರ ಲಿಂಗವನ್ನೂ ಮುಟ್ಟರು, ವಿಭೂತಿಯನ್ನೂ ಹಚ್ಚರು. ಆದರೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿ, ಕೊನೆಯ ಪೊಟ್ಟಣ ತಾವು ತೆಗೆದುಕೊಳ್ಳುವ ಮನುಷ್ಯ. ಅವರ ತಾಯಿಗೆ ಜ್ವರ ಬಂದಾಗ ಮನೆಯವರು ದೇವರ ಅಪ್ಪಣೆ ಕೇಳುತ್ತ ಕೂತು ಆಸ್ಪತ್ರೆಗೆ ತಡ ಮಾಡಿದರಂತೆ. ಅದನ್ನು ಅವರು ಹೇಳುವುದು ಕಡಿಮೆ. ಹೇಳುವಾಗ ಕನ್ನಡಕ ತೆಗೆದು ಒರೆಸುತ್ತಾರೆ. ಅವರ ಸಿಟ್ಟಿಗೆ ಕಾರಣ ಇತ್ತು. ಆ ಸಿಟ್ಟನ್ನು ನಾನು ಇವತ್ತಿಗೂ ತಪ್ಪೆನ್ನುವುದಿಲ್ಲ.

ಆ ದಪ್ಪ ಪುಸ್ತಕವನ್ನು ನನಗೆ ಕೊಟ್ಟವರೂ ಅವರೇ. ಅದರಲ್ಲಿ ಮೈಮೇಲೆ ಬರುವುದರ ಬಗ್ಗೆಯೇ ಒಂದು ಅಧ್ಯಾಯ ಇದೆ. ಅದು ಮೋಸ ಅಲ್ಲ, ದೈವವೂ ಅಲ್ಲ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಇಲ್ಲವೋ ಅವರ ಮನಸ್ಸು ತನಗೇ ತಿಳಿಯದಂತೆ ಇನ್ನೊಂದು ಗಂಟಲನ್ನು ಎರವಲು ತರುತ್ತದೆ, ಮುಂಬಾಗಿಲು ಹಾಕಿದ್ದರೆ ಹಿತ್ತಲ ಬಾಗಿಲಿನಿಂದ ಬಂದ ಹಾಗೆ, ಎಂಬ ಅರ್ಥದ ವಿವರಣೆ. ಅದನ್ನು ಓದಿದಾಗ ನನ್ನ ಕೊರೆತ ಹೋಯಿತು. ಯಾರೋ ಎಲ್ಲಿಯೋ ಕೂತು ನಮ್ಮ ದೊಡ್ಡವ್ವನ ಪರವಾಗಿ ಬರೆದಿದ್ದಾರೆ ಅನ್ನಿಸಿತು. ಮೇಷ್ಟ್ರ ಪ್ರತಿಯಲ್ಲಿ ಅವರು ಗೆರೆ ಎಳೆದ ಸಾಲು ಬೇರೆ ಇತ್ತು. ದೈವವೂ ಅಲ್ಲ ಎಂಬಲ್ಲಿ ಕೆಂಪು ಗೆರೆ. ಮೋಸ ಅಲ್ಲ ಎಂಬಲ್ಲಿ ಏನೂ ಇಲ್ಲ.

ಮಾವನ ಮಗನೂ ಕೂಟಕ್ಕೆ ಬರತೊಡಗಿದ. ಅವನು ಡಿಗ್ರಿ ಓದಿ ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರಿನ ಅಂಗಡಿ ಇಟ್ಟಿದ್ದಾನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತಾನೆ. ಹಿಂದಿನ ಸಾಲಿನಲ್ಲಿ ಕೂತು, ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ನನ್ನ ನಂತರ ಆ ಪುಸ್ತಕ ಅವನ ಕೈಗೆ ಹೋಯಿತು. ತಮ್ಮ ಇಷ್ಟು ಆಸೆಯಿಂದ ಓದುತ್ತಾನಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ನಾನು ಪರೀಕ್ಷೆಯ ಕೆಲಸದ ಮೇಲಿದ್ದ ಒಂದು ಭಾನುವಾರ, ಕೂಟದಲ್ಲಿ ಆ ಅಧ್ಯಾಯದ ಮಾತು ಬಂತಂತೆ. ಮಾವನ ಮಗ ಎದ್ದು, "ನಮ್ಮ ಮನ್ಯಾಗೇ ಒಬ್ಬರು ಅದಾರೆ ಸಾರ್" ಎಂದನಂತೆ. ಮೇಷ್ಟ್ರಿಗೆ ಕುತೂಹಲ. "ಕರೆದುಕೊಂಡು ಬಾರಪ್ಪ. ಅವರಿಂದ ಒಂದು ಹೇಳಿಕೆ ತೆಗೆದುಕೊಳ್ಳೋಣ. ಅವರ ಅನುಭವ ಅವರ ಮಾತಿನಲ್ಲೇ ಇರಲಿ" ಎಂದರಂತೆ. ಮೇಷ್ಟ್ರ ಬಾಯಲ್ಲಿ ಹೇಳಿಕೆ ಎಂದರೆ ಪತ್ರಿಕೆಯವರು, ಕೋರ್ಟಿನವರು ತೆಗೆದುಕೊಳ್ಳುವ ಹೇಳಿಕೆ. ಮಾವನ ಮಗ ಆ ಮಾತನ್ನು ಹಾಗೇ ಫೋನಿನಲ್ಲಿ ದಾಟಿಸಿದ. "ಅತ್ತೇ, ಚಳ್ಳಕೆರ್ಯಾಗೆ ಓದಿದೋರೆಲ್ಲ ಸೇರ್ತಾರೆ. ನಿನ್ನ ಹೇಳಿಕೆ ಬೇಕಂತೆ."

ಮುಂದಿನ ಭಾನುವಾರ ನಾನು ಮಹಡಿ ಹತ್ತಿ ನೋಡಿದರೆ ಕುರ್ಚಿಗಳ ನಡುವೆ, ಫ್ಯಾನಿನ ಕೆಳಗೆ, ನೆಲದ ಮೇಲೆ ದೊಡ್ಡವ್ವ ಕೂತಿದ್ದಾಳೆ. ತಲೆಗೆ ನೀರು ಹಾಕಿಕೊಂಡ ಕೂದಲು ಬಸ್ಸಿನ ಗಾಳಿಗೂ ಆರಿರಲಿಲ್ಲ. ಸೆರಗಿನಲ್ಲಿ ಬೇವಿನ ಸೊಪ್ಪು. ಹಣೆಯ ಮೇಲೆ ಅರಿಶಿನ. ಮುಂದೆ, ಯಾರೂ ಇಡುವುದಿಲ್ಲವೇನೋ ಎಂದು ತಾನೇ ತಂದಿಟ್ಟುಕೊಂಡ ಒಂದು ನಿಂಬೆಹಣ್ಣು.

"ಇದೇನು ದೊಡ್ಡವ್ವಾ?"

"ಇವರು ಹೇಳಿಕೆ ಕೇಳ್ತಾರಂತೆ ಕಣವ್ವಾ. ಇಷ್ಟು ಓದಿದೋರು ಅಮ್ಮನ್ನ ಕರೆಸ್ಯಾರೆ ಅಂದ್ರೆ ಸುಮ್ನೆ ಅಲ್ಲ. ನಿನ್ನೆಯಿಂದ ಬಾಯಿಗೆ ಏನೂ ಹಾಕಿಲ್ಲ. ಮಂಗಳವಾರ ಅಲ್ಲವಲ್ಲಾ, ಬರ್ತಾಳೋ ಇಲ್ಲೋ ಅಂತ ನಂಗೇ ಭಯ."

ನಾನು ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಅವರು ಬೇರೆ ಹೇಳಿಕೆ ಅಂದುಕೊಂಡು ಬಂದಿದ್ದಾರೆ, ಇವತ್ತು ಬೇಡ" ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಅರಳಿತು. "ಹಾಗಾದರೆ ಇನ್ನೂ ಒಳ್ಳೆಯದಲ್ಲವೇನಮ್ಮ? ಓದಿದ್ದನ್ನು ಕಣ್ಣಾರೆ ನೋಡಬಹುದು."

ಮಾವನ ಮಗ ಕಿಟಕಿಗೆ ಒರಗಿ ನಿಂತಿದ್ದ. "ಏನಲೇ ಮಾಡಿದೆ? ಬಿಡಿಸಿ ಹೇಳಬಾರದಾಗಿತ್ತಾ?" ಎಂದೆ.

"ಹೇಳಿಕೆ ಅಂದ್ರೆ ಹೇಳಿಕೆನೇ ಅಲ್ವೇನಕ್ಕಾ?" ಎಂದು ನಕ್ಕ.

ಮೇಷ್ಟ್ರದ್ದು ತಿಳಿಯದೆ ಆದ ತಪ್ಪು. ಇವನದ್ದು ಹಾಗಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಆ ಮಾತು ಕೇಳಿ ಬೆಳೆದವನು. ಅವನಿಗೆ ಗೊತ್ತಿತ್ತು.

ದೊಡ್ಡವ್ವನಿಗೆ, "ಏಳು, ಮನೆಗೆ ಹೋಗಾಣ, ಊಟ ಮಾಡು ಬಾ" ಎಂದೆ. ಅವಳು ಕೈ ಬಿಡಿಸಿಕೊಂಡಳು. "ಕರೆದೋರ ಮುಂದಿಂದ ಹಂಗೇ ಎದ್ದು ಹೋಗಾಕೆ ಆಗ್ತೈತೇನೇ? ಅಮ್ಮಗೆ ಮರ್ಯಾದೆ ಅಲ್ಲ."

ಕರ್ಪೂರ ಹಚ್ಚಿದಳು. ಯಾರೋ ಫ್ಯಾನು ಆರಿಸಿದರು. ಸ್ವಲ್ಪ ಹೊತ್ತಿಗೆ ಭುಜ ನಡುಗಿತು, ಕತ್ತು ಹಿಂದಕ್ಕೆ ಬಿತ್ತು, ಅಮ್ಮ ಬಂದೇ ಬಂದಳು. "ಎವರುರಾ ಪಿಲಿಚಿಂದಿ?" ಎಂದಳು. ಯಾರು ಕರೆದದ್ದು?

"ಓಹೋ, ದೇವರಿಗೆ ಕನ್ನಡ ಬರಲ್ವಾ?" ಎಂದ ಮುಂದಿನ ಸಾಲಿನ ಒಬ್ಬ.

"ಬಾರ್ಡರ್ ದೇವರು ಕಣಪ್ಪ, ಎರಡೂ ಕಡೆ ರೇಷನ್ ಕಾರ್ಡ್ ಇರಬೇಕು" ಎಂದ ಇನ್ನೊಬ್ಬ. ನಗು. ಬೇರೆ ದಿನ ಆಗಿದ್ದರೆ ನಾನೂ ನಗುತ್ತಿದ್ದೆನೇನೋ. ಮಾತು ಚೆನ್ನಾಗಿತ್ತು.

ಮೇಷ್ಟ್ರು ನಗಲಿಲ್ಲ. ಅವರು ಗಂಭೀರವಾಗಿ, ಪಾಠ ಒಪ್ಪಿಸಲು ಹೇಳುವವರ ಹಾಗೆ ಕೇಳಿದರು. "ತಾಯಿ, ನನ್ನ ಜೇಬಿನಲ್ಲಿ ಏನಿದೆ ಹೇಳಿ ನೋಡೋಣ."

ಕೇಳಬಾರದ್ದು ಅದು. ಉತ್ತರ ಗೊತ್ತಿರುವುದನ್ನು ಕೇಳಿದರು. ದೊಡ್ಡವ್ವನ ಮುಖದ ಮೇಲೆ, ಅಥವಾ ಅಮ್ಮನ ಮುಖದ ಮೇಲೆ, ಒಂದು ಗಲಿಬಿಲಿ ಬಂತು. ಆ ಪ್ರಶ್ನೆಗೆ ಅವಳಲ್ಲಿ ಜಾಗವೇ ಇರಲಿಲ್ಲ. ನಿನ್ನ ದುಃಖ ಏನೋ ಅದನ್ನು ಹೇಳು ಎಂದಳು ತೆಲುಗಿನಲ್ಲಿ. ಮೇಷ್ಟ್ರು ಮತ್ತೆ ಜೇಬು ತೋರಿಸಿದರು. ನಿನ್ನ ದುಃಖ ಹೇಳೋ ಎಂದು ಅವಳು ಮತ್ತೆ ಕೇಳಿದಳು. ಮೇಷ್ಟ್ರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಎಲ್ಲರಿಗೂ ತೋರಿಸಿ, "ನೋಡಿದಿರಲ್ಲ" ಎಂದರು. ಮತ್ತೆ ನಗು, ಒಂದಿಬ್ಬರ ಚಪ್ಪಾಳೆ. ಮಾವನ ಮಗನ ಫೋನು ಅಷ್ಟು ಹೊತ್ತೂ ಎತ್ತಿದ ಹಾಗೇ ಇತ್ತು.

ಆಮೇಲೆ ಎಲ್ಲರೂ ಚರ್ಚೆಗೆ ಇಳಿದರು. ಮೆದುಳು, ಭ್ರಮೆ, ಬಾಲ್ಯ ಎಂದೆಲ್ಲ ಮಾತು. ನಡುವೆ ನೆಲದ ಮೇಲೆ ಅವಳು ನಡುಗುತ್ತಲೇ ಇದ್ದಳು. ಅಮ್ಮ ಇಳಿಯುವುದಕ್ಕೆ ಯಾರೂ ಆ ಒಂದು ಮಾತು ಹೇಳಿರಲಿಲ್ಲ. ನಾನು ಹತ್ತಿರ ಕೂತು "ಕೇಳಿದೆವಮ್ಮಾ" ಎಂದೆ. ಪ್ರಯೋಜನವಾಗಲಿಲ್ಲ. ಪ್ರಶ್ನೆ ಹಾಕಿದವನೇ ಹೇಳಬೇಕು.

"ಸಾರ್, ಒಂದೇ ಮಾತು. ಕೇಳಿದೆವಮ್ಮಾ ಅನ್ನಿ, ಅವರು ಸುಧಾರಿಸಿಕೊಳ್ಳುತ್ತಾರೆ."

ಮೇಷ್ಟ್ರು ನನ್ನನ್ನು ನೋಡಿದರು. ನಿಜವಾಗಿ ಸಂಕಟಪಟ್ಟರು. "ನಾನು ನಂಬದೇ ಇರುವುದನ್ನು ಬಾಯಲ್ಲಿ ಹೇಗೆ ಹೇಳಲಮ್ಮ? ಇಷ್ಟು ವರ್ಷ ಹೇಳಿಲ್ಲ."

ಪ್ರಾಮಾಣಿಕ ಮನುಷ್ಯ. ಅಂಥ ಪ್ರಾಮಾಣಿಕತೆಯ ಮುಂದೆ ಒಂದು ಸಣ್ಣ ಸುಳ್ಳಿಗಾಗಿ ನಾನು ಅಂಗಲಾಚಿದೆ. ದೊಡ್ಡವ್ವ ಸುಸ್ತಾಗಿ ಪಕ್ಕಕ್ಕೆ ಬೀಳುವವರೆಗೆ ನಡುಗಿದಳು. ಬಿದ್ದ ಮೇಲೆ ನೀರು ತರಲು ಎಲ್ಲರಿಗಿಂತ ಮುಂಚೆ ಓಡಿದವರೂ ಮೇಷ್ಟ್ರೇ. ಡಾಕ್ಟರಿಗೆ ತೋರಿಸೋಣ, ನಾನೇ ಬರುತ್ತೇನೆ ಎಂದರು. ಅವಳು ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಕೂದಲು ಗಂಟು ಹಾಕಿದಳು. ಅಮ್ಮ ಏನಂದಳು ಎಂದು ಆ ದಿನ ನನ್ನನ್ನು ಕೇಳಲಿಲ್ಲ.

ಆ ವಿಡಿಯೋ ನಮಗಿಂತ ಮುಂಚೆ ಊರು ಸೇರಿತ್ತು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಮದುವೆ ಫೋಟೋ, ಶುಭೋದಯಗಳ ನಡುವೆ ಕನ್ನಡಕದ ಡಬ್ಬಿ ಎತ್ತಿ ಹಿಡಿದ ಮೇಷ್ಟ್ರು, ಅವರ ಕಾಲ ಬುಡದಲ್ಲಿ ಬಾಯಿ ತೆರೆದು ಕೂತ ದೊಡ್ಡವ್ವ. ಮಾವ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದ.

"ಇಷ್ಟು ವರ್ಷ ಇವಳ ಕಾಲಿಗೆ ಬಿದ್ನಲ್ಲೋ! ನನ್ನೆಂಗೆ ಆಡಿಸಿದ್ಲೋ!"

"ನಾಟಕ ಅಲ್ಲಪ್ಪ, ಮನಸ್ಸಿನ ರೋಗ. ಪುಸ್ತಕದಾಗೇ ಐತೆ ನೋಡು" ಎಂದು ಮಗ ಪುಸ್ತಕ ಬಿಡಿಸಿ ಅವನ ತೊಡೆಯ ಮೇಲೆ ಇಟ್ಟ. ಓದು ಬಾರದ ಮಾವ ಕನ್ನಡಕ ಏರಿಸಿ ಆ ಪುಟವನ್ನು ಭಕ್ತಿಯಿಂದ ನೋಡಿದ. ನಿಂಬೆಹಣ್ಣು ಇಡುವುದೊಂದು ಬಾಕಿ.

ದೊಡ್ಡವ್ವನನ್ನು ಯಾರೂ ಬೈಯಲಿಲ್ಲ. ಮಂಗಳವಾರ ಬಂದಾಗ ನಡುಮನೆಯಲ್ಲಿ ಚಾಪೆ ಹಾಸಲಿಲ್ಲ, ಅಷ್ಟೆ. ಅವಳೇ ಒಂದೆರಡು ವಾರ ತಲೆಗೆ ನೀರು ಹಾಕಿಕೊಂಡು ಬೀಸುವ ಕಲ್ಲಿನ ಹತ್ತಿರ ಕಾದಳು. ಅಮ್ಮ ಬರಲಿಲ್ಲ. ಬರುವುದಾದರೂ ಹೇಗೆ? ಮನಸ್ಸು ಹಿತ್ತಲ ಬಾಗಿಲಿನಿಂದ ಬರುತ್ತದೆ ಎಂದು ಬರೆದ ಪುಣ್ಯಾತ್ಮರು, ಆ ಬಾಗಿಲು ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿಕೊಟ್ಟರೆ ಏನಾಗುತ್ತದೆ ಎಂದು ಬರೆದಿಲ್ಲ. ಮೊಳೆ ಹೊಡೆಯುತ್ತಾರೆ.

ಶ್ರಾವಣ ಕಳೆಯುವ ಹೊತ್ತಿಗೆ ನನ್ನಿವಾಳದ ಕಡೆಯಿಂದ ಒಂದು ಹುಡುಗಿಯನ್ನು ನೋಡಿದರು. ಸೊಸೆಯ ತವರಿನವರನ್ನು ಕರೆಸಿ, ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ ಎಂದು ಸಹಿ ಹಾಕಿಸಿದರು. ಅವಳ ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಅವನ ಹೆಂಡತಿಯ ಭಯ. ಸಹಿ ಆದ ಮೇಲೆ ಮಾವ ಪುರೋಹಿತರನ್ನು ಕರೆಸಿದ. ಜಾತಕ ನೋಡಿದರು. ಹುಡುಗನಿಗೆ ಎಂಥದೋ ದೋಷ, ಅದಕ್ಕೊಂದು ಶಾಂತಿ. ಮುಹೂರ್ತಕ್ಕೆ ಇಂಥ ದಿನ, ಇಂಥ ಲಗ್ನ. ಮಾವನ ಮಗ ಫೋನಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

"ಅಲ್ಲಲೇ, ಅಮ್ಮ ಸುಳ್ಳು, ಮುಹೂರ್ತ ನಿಜಾನಾ?" ಎಂದೆ.

"ಅದು ಬ್ಯಾರೆ ಅಕ್ಕಾ. ಅದು ಲೆಕ್ಕಾಚಾರ. ಗ್ರಹ ಅಂತ ಐತಲ್ಲ, ಸೈನ್ಸಾಗೂ ಐತೆ."

ನಾನು ಚಳ್ಳಕೆರೆಗೆ ಬಂದವಳೇ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. ಮಾರನೆಯ ದಿನ ತಮ್ಮ ಹಳೇ ಸ್ಕೂಟರಿನಲ್ಲಿ ಅಷ್ಟು ದೂರ, ಆ ಬಿಸಿಲಿನಲ್ಲಿ, ಮಾವನ ಊರಿಗೆ ಹೋದರು. ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಹುಡುಗಿಯನ್ನು ಕಳಿಸಬೇಡಿ, ಇದು ಅನ್ಯಾಯ ಎಂದು ಮಾವನಿಗೆ ಬುದ್ಧಿ ಹೇಳಿದರು. ಮಾವ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಕೈಮುಗಿದು ಹೇಳಿದನಂತೆ: "ಹಂಗನ್ನಬ್ಯಾಡ್ರಿ ಸ್ವಾಮಿ. ನಮ್ಮ ಕಣ್ಣು ತೆರೆಸಿದೋರೇ ನೀವು."

ಮೇಷ್ಟ್ರು ಇದನ್ನು ನನಗ್ಯಾವತ್ತೂ ಹೇಳಲಿಲ್ಲ. ಆ ಕಾಫಿ ಮಾಡಿಕೊಟ್ಟ ಸೊಸೆ ಹೇಳಿದಳು.

ಅವಳು ಹೊರಟ ದಿನ ನಾನು ರಜೆ ಹಾಕಿ ಹೋಗಿದ್ದೆ. ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಿಸಿಲು ಏರುವ ಹೊತ್ತಿನಲ್ಲಿ ಮೂವರೂ ಕೂತಿದ್ದೆವು. ಅವಳು, ದೊಡ್ಡವ್ವ, ನಾನು. ಕರೆದೊಯ್ಯಲು ಬರುತ್ತೇನೆಂದಿದ್ದ ಅಣ್ಣ ಬಂದಿರಲಿಲ್ಲ. ಅವಳ ಹತ್ತಿರ ಒಂದು ಬಟ್ಟೆಯ ಚೀಲ, ಒಂದು ಸ್ಟೀಲ್ ಡಬ್ಬಿ. ನನ್ನ ಬ್ಯಾಗಿನಲ್ಲಿ ಆ ದಪ್ಪ ಪುಸ್ತಕ. ಮಾವನ ಮಗನಿಂದ ವಾಪಸ್ ಇಸಿದುಕೊಂಡು ಬಂದಿದ್ದೆ.

"ಅಕ್ಕಾ, ಅದೇನಾ?" ಎಂದಳು ಅವಳು. "ಕೊಡಿ ನೋಡ್ತೀನಿ."

ತೆಲುಗು ಮೀಡಿಯಂನಲ್ಲಿ ಓದಿದವಳು. ನಮ್ಮ ಅಕ್ಷರ ಅವಳಿಗೆ ಪರಿಚಯದ ಮುಖಗಳ ಹಾಗೆ, ಹೆಸರು ನೆನಪಾಗಲು ಒಂದು ಕ್ಷಣ ಬೇಕು. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ದೊಡ್ಡವ್ವ ಬೇರೆ ಕಡೆ ನೋಡುತ್ತಿದ್ದಳು.

"ಮುಹೂರ್ತದ ವಿಷಯ ಇಲ್ವಾ ಅಕ್ಕಾ ಇದ್ರಾಗೆ?"

"ಐತೆ."

"ಏನಂತ?"

"ಅದೂ ಮನುಷ್ಯ ಭಯಕ್ಕೆ ಕಟ್ಟಿಕೊಂಡದ್ದೇ ಅಂತ."

"ಯಾವ ಪುಟದಾಗೆ?"

ತೆಗೆದು ತೋರಿಸಿದೆ. ಆ ಹಾಳೆಗಳು ಹೊಸದಾಗೇ ಇದ್ದವು. ಅವಳ ಗಂಡನ ಬೆರಳಿನ ಗ್ರೀಸ್ ಗುರುತು ಅದಕ್ಕೂ ಬಹಳ ಮುಂಚೆ, ಮೈಮೇಲೆ ಬರುವ ಅಧ್ಯಾಯದ ನಡುವೆಯೇ ನಿಂತುಹೋಗಿತ್ತು. ಅವಳು ಆ ಗುರುತನ್ನೂ ನೋಡಿದಳು, ಈ ಬಿಳಿ ಹಾಳೆಯನ್ನೂ ನೋಡಿದಳು.

"ಇಲ್ಲಿತನಕ ಬರ್ಲೇ ಇಲ್ಲ ನೋಡಿ ಅವರು" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು. ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲೆ ಇಟ್ಟಳು. ಬೇಕಾದರೆ ಇಟ್ಟುಕೋ ಎಂದೆ. ಬೇಡವೆಂದು ತಲೆಯಾಡಿಸಿದಳು.

ಬಸ್ಸು ಬಂತು. ಅವಳು ದೊಡ್ಡವ್ವನ ಕೈ ಹಿಡಿದುಕೊಂಡಳು. "ರಾ ಪೆದ್ದಮ್ಮಾ. ನಂಜೊತೆ ಬಂದ್ಬಿಡು. ಅಲ್ಲಾದ್ರೂ ಇಬ್ರೂ ಇರಾಣ."

"ಅಲ್ಲಿ ನಿಂಗೇ ಜಾಗ ಐತೋ ಇಲ್ಲೋ. ನಾ ಬಂದ್ರೆ ಇಬ್ರಿಗೂ ಇರಲ್ಲ" ಎಂದಳು ದೊಡ್ಡವ್ವ.

ಇಬ್ಬರೂ ಬಾಗಿಲವರೆಗೆ ಒಟ್ಟಿಗೇ ಹೋದರು, ಕೈ ಬಿಟ್ಟಿರಲಿಲ್ಲ. ಕಂಡಕ್ಟರು ಮೇಲಿನಿಂದ ಬಗ್ಗಿ, "ರಾಯದುರ್ಗ! ಬೇಗ ಹತ್ರಮ್ಮಾ. ಟಿಕೆಟ್ ಒಂದಾ ಎರಡಾ?" ಎಂದ.

ಅವಳು ದೊಡ್ಡವ್ವನ ಮುಖ ನೋಡಿದಳು. ನಾನೂ ನೋಡಿದೆ. ಕಂಡಕ್ಟರು ಕಾದ.

"ಒಂದು" ಎಂದಳು ದೊಡ್ಡವ್ವ, ಕನ್ನಡದಲ್ಲಿ, ತನ್ನ ಮಾಮೂಲಿ ದನಿಯಲ್ಲಿ.

ಬಸ್ಸು ಹೋದ ಮೇಲೆ ಅವಳು ಅಲ್ಲಿ ನಿಲ್ಲಲಿಲ್ಲ. ಸೆರಗಿನಿಂದ ಮುಖ ಒರೆಸಿ, "ನಡಿಯವ್ವಾ ಬಿರ್ರನೆ" ಎಂದಳು. "ಮದುವೆ ಮನೆ, ಸುಣ್ಣ ಬಳಿಯೋರು ಬರ್ತಾರೆ ಇವತ್ತು. ಸಾಮಾನೆಲ್ಲ ನಾನೇ ಎತ್ತಿಡಬೇಕು."